ನೀಲವೇಣಿ ತಿದ್ದಿದ ಒಂದೇ ಸಾಲು

ದಾವಣಗೆರೆಯ ಬ್ಯಾಂಡ್ ಮಾಸ್ಟರ್ ದಸ್ತಗೀರ್ ಸಾಹೇಬರು ಮೆರವಣಿಗೆಗೆಂದು ಹೊಸ ಟ್ಯೂನ್ ಕಟ್ಟಿದ್ದರು. ಅದನ್ನು ಎಲ್ಲ ವಾದ್ಯದವರಿಗೂ ಬರೆದುಕೊಡಬೇಕಿತ್ತು. ಟೈಪ್ ಮಾಡಿದ ಅಕ್ಷರಗಳನ್ನು ಸ್ವರಲಿಪಿಯಾಗಿ ಮಾಡಿಕೊಡುವ ಪ್ರೋಗ್ರಾಂ ಅವರ ಕಂಪ್ಯೂಟರಿನಲ್ಲಿತ್ತು. ಅರ್ಧ ವಾದ್ಯಗಳ ಹಾಳೆಗಳನ್ನು ಶಿಷ್ಯೆ ನೀಲವೇಣಿಗೂ ಉಳಿದರ್ಧವನ್ನು ಶಿಷ್ಯ ಚಿದಂಬರನಿಗೂ ವಹಿಸಿದರು. “ಯಾರ ಕೆಲಸ ಚೆನ್ನಾಗಿರ್ತದೋ ಅವರೇ ಇನ್ಮೇಲೆ ಬ್ಯಾಂಡಿನ ಮುಂದೆ ನಡೀಲಿ” ಎಂದರು.

ಪ್ರತಿ ಚರಣದ ಕೊನೆಗೂ ಒಂದೇ ತಿರುವು, ಅಂದರೆ ಅದೇ ಕೆಲವು ಸ್ವರಗಳ ಸಾಲು, ಬರುತ್ತಿತ್ತು. ವಾದ್ಯಕ್ಕೆ ತಕ್ಕಂತೆ ಅದರ ಶ್ರುತಿ ಬದಲಿಸಿ ಬರೆಯಬೇಕು, ಅಷ್ಟೆ. ಚಿದಂಬರ ಅದು ಬಂದಲ್ಲೆಲ್ಲ ಪಟಪಟನೆ ಟೈಪ್ ಮಾಡಿ ಬೇಗ ಮುಗಿಸಿದ. ನೀಲವೇಣಿ ತಿರುವನ್ನು ಒಂದೇ ಸಲ ಬರೆದು ಅದಕ್ಕೊಂದು ಹೆಸರಿಟ್ಟಳು. ಚರಣದ ಕೊನೆಯಲ್ಲಿ ಆ ಹೆಸರಿನ ಜೊತೆ ವಾದ್ಯದ ಹೆಸರು ಹಾಕಿದರೆ ಕಂಪ್ಯೂಟರೇ ಶ್ರುತಿ ಹೊಂದಿಸಿಕೊಳ್ಳಬೇಕು. ಅದಕ್ಕಾಗಿ ತಲೆ ಕೆಡಿಸಿಕೊಂಡು ಕೂತಳು.

“ಏನಕ್ಕಾ, ಇನ್ನೂ ಒಂದೇ ಸಾಲಿಗೆ ಜೋತುಬಿದ್ದೀಯಲ್ಲ!” ಎಂದು ಚಿದಂಬರ ನಕ್ಕ.

“ನಗಪ್ಪಾ, ನಗು. ಇದೊಂದು ನೆಟ್ಟಗಾಗ್ಲಿ.”

ಮೆರವಣಿಗೆಯ ದಿನ ಬೆಳಿಗ್ಗೆ ಹಿರಿಯ ಕ್ಲಾರಿನೆಟ್ ವಾದಕ ಬಸಣ್ಣ ಮುಖ ಸಣ್ಣದು ಮಾಡಿಕೊಂಡು ಬಂದ. ಹೊಸದಾಗಿ ಹಲ್ಲಿನ ಸೆಟ್ ಹಾಕಿಸಿದ್ದ. ತಿರುವಿನ ಮೇಲಿನ ಸ್ವರ ಹಿಡಿಯಲು ಆಗುತ್ತಿರಲಿಲ್ಲ.

“ನನ್ನನ್ನ ಬಿಟ್ಬಿಡ್ರಿ ಮಾಸ್ಟ್ರೇ.”

“ಸ್ವರ ಬಿಡ್ತೀನಿ ಬಸಣ್ಣ, ನಿನ್ನನ್ನ ಬಿಡಲ್ಲ” ಎಂದು ಸಾಹೇಬರು ತಿರುವನ್ನೇ ತಗ್ಗಿಸಿದರು. ಈಗ ಎಲ್ಲರ ಹಾಳೆಯೂ ಬದಲಾಗಬೇಕಿತ್ತು.

ನೀಲವೇಣಿ ಒಂದು ಸಾಲು ತಿದ್ದಿದಳು. ಅವಳ ಹಾಳೆಗಳೆಲ್ಲ ಸರಿಯಾದವು. ಚಿದಂಬರ ಒಂದೊಂದನ್ನೇ ಹುಡುಕಿ ತಿದ್ದಿದ. ಅಭ್ಯಾಸಕ್ಕೆ ನಿಂತಾಗ ಎಲ್ಲರೂ ಕೆಳಗಿಳಿದರೆ ಟ್ರಂಪೆಟ್ ಮಾತ್ರ ಮೇಲಕ್ಕೆ ಹೋಗಿ ಅರಚಿತು. ಇನ್ನೂ ಎಲ್ಲೆಲ್ಲಿ ಹಳೆಯದು ಉಳಿದಿದೆಯೋ ಪಾಪ, ಚಿದಂಬರನಿಗೇ ಗೊತ್ತಿರಲಿಲ್ಲ.

ನೀಲವೇಣಿ ಸುಮ್ಮನಿದ್ದಿದ್ದರೂ ಗೆದ್ದಂತೆಯೇ. ಆದರೆ ಅವಳು ಅವನ ಪಕ್ಕ ಹೋಗಿ ಕೂತಳು. “ನಾನು ಬರೆದದ್ದನ್ನೇ ತಗೋ. ಪ್ರತಿ ಚರಣದ ಕೊನೆ ಅಳಿಸಿ ಅದರ ಹೆಸರು ಹಾಕು, ಸಾಕು.”

ಸಂಜೆ ಬಸಣ್ಣ ಎಲ್ಲರ ಜೊತೆ ಕ್ಲಾರಿನೆಟ್ ನುಡಿಸುತ್ತ ನಡೆದ. ಸಾಹೇಬರು ಬ್ಯಾಂಡ್ ನಡೆಸುವ ತಮ್ಮ ಕೋಲನ್ನು ನೀಲವೇಣಿಯ ಕೈಗಿತ್ತು, ಕೇಳಿದವರಿಗೂ ಕೇಳದವರಿಗೂ “ಇವಳು ನನ್ನ ಶಿಷ್ಯೆ” ಎಂದು ಹೇಳುತ್ತ ಓಡಾಡಿದರು. ನೀಲವೇಣಿಯೂ ತಲೆಯೆತ್ತಿ ಮುಂದೆ ನಡೆದಳು. ಜಂಬ ಅನ್ನುತ್ತೀರಾ? ಅನ್ನಿ. ಅವಳಿಗೆ ಅದು ಒಪ್ಪುತ್ತಿತ್ತು.

ನೀತಿ: ಮತ್ತೆ ಮತ್ತೆ ಬೇಕಾಗುವ ಕೆಲಸವನ್ನು ಒಮ್ಮೆ ಮನಸ್ಸಿಟ್ಟು ಮಾಡಿ. ಮಾಡಿದ್ದು ಇನ್ನೊಬ್ಬರ ಕೈಗೂ ಒದಗಲಿ. ಆಮೇಲೆ ಹೆಮ್ಮೆಪಡಲು ನಾಚಬೇಡಿ.