ಬತ್ತಿ ಅಜ್ಜನವರು ಕೇಳಿದ ಪರಿಚಯ

ಎರಡು ವರ್ಷದ ಖಣದ ಗುತ್ತಿಗೆ ಅದು. ನಾಗರ ಪಂಚಮಿಗೆ, ದಸರೆಗೆ, ಸಂಕ್ರಾಂತಿಗೆ ಸೊಲ್ಲಾಪುರದ ಪೇಟೆಗೆ ಬೇಕಾಗುವ ರವಿಕೆಯ ಖಣವೆಲ್ಲ ಒಂದೇ ಅಂಗಡಿಯಿಂದ ಹೋಗಬೇಕು. ಅಂಥ ಗುತ್ತಿಗೆ ಸಿಕ್ಕವನು ಎರಡು ವರ್ಷ ಗಿರಾಕಿಯ ದಾರಿ ಕಾಯಬೇಕಿಲ್ಲ; ಸಿಗದವನು ಮೊದಲಿನಂತೆಯೇ ಸಂತೆಯಿಂದ ಸಂತೆಗೆ ಗಂಟು ಹೊತ್ತು ತಿರುಗಬೇಕು. ಬತ್ತಿ ಅಜ್ಜನವರ ಈ ಪ್ರಸಂಗವನ್ನು ಹೇಳುವಾಗ ಗುತ್ತಿಗೆಯ ಮಾತನ್ನು ಮೊದಲು ಆಡದಿದ್ದರೆ, ಆ ದಿನ ರಾಚಪ್ಪ ಕಳೆದುಕೊಂಡದ್ದೇನು, ಪಡೆದದ್ದೇನು ಎಂಬುದು ಓದುವವರಿಗೆ ಸರಿಯಾಗಿ ತಿಳಿಯುವುದಿಲ್ಲ.

ಪೂಜ್ಯ ಅಜ್ಜನವರು ಆ ನೇಕಾರರ ಊರಿನ ಅಂಚಿನಲ್ಲಿ, ನೂಲಿಗೆ ಬಣ್ಣ ಹಾಕುವವರ ಬಾವಿಯ ಪಕ್ಕ, ಒಂದೇ ಅಂಕಣದ ಮಣ್ಣಿನ ಮನೆಯಲ್ಲಿ ವಾಸವಾಗಿದ್ದರು. ಮಠವಿರಲಿಲ್ಲ, ಪಲ್ಲಕ್ಕಿಯಿರಲಿಲ್ಲ. ಮಗ್ಗದ ಮನೆಗಳವರು ಕತ್ತರಿಸಿ ಬಿಸಾಡಿದ ಹತ್ತಿ ನೂಲಿನ ತುಣುಕುಗಳನ್ನು ಆಯ್ದು ತಂದು ದೀಪದ ಬತ್ತಿ ಹೊಸೆಯುವುದೇ ಅವರ ನಿತ್ಯದ ಕಾಯಕ. ಕೇಳಿ ಬಂದವರಿಗೆಲ್ಲ ಬತ್ತಿ ಕೊಡುತ್ತಿದ್ದರು. ಕುಲ ಕೇಳುತ್ತಿರಲಿಲ್ಲ, ಬೆಲೆ ಹೇಳುತ್ತಿರಲಿಲ್ಲ. ಮಾತಂತೂ ಬಹಳ ಕಡಿಮೆ. ಆದರೂ ಅವರ ಬಳಿ ಹೋಗಿ ಕುಳಿತು, ತಾವೂ ನಾಲ್ಕು ಬತ್ತಿ ಹೊಸೆದು ಎದ್ದವರು, ತಲೆಯ ಮೇಲಿನ ಗಂಟು ಇಳಿಸಿ ಬಂದಂತಾಯಿತು ಎನ್ನುತ್ತಿದ್ದರು.

ಅಂಥವರನ್ನು ಆ ವರ್ಷ ಖಣ ವ್ಯಾಪಾರಸ್ಥರ ಸಂಘದವರು ತಮ್ಮ ವಾರ್ಷಿಕ ಸಭೆಯಲ್ಲಿ ನಾಲ್ಕು ಮಾತಾಡಬೇಕೆಂದು ಕರೆದರು. ಎಂದೂ ವೇದಿಕೆ ಹತ್ತದ ಅಜ್ಜನವರು ಅದೇಕೋ ಒಪ್ಪಿಕೊಂಡರು.

ಅತಿಥಿಗಳ ಪರಿಚಯ ಮಾಡುವವನು ರಾಚಪ್ಪ ಹುನಕುಂಟಿ. ತಹಶೀಲ್ದಾರರು ಬರಲಿ, ಹರಿಕಥೆಯ ದಾಸರು ಬರಲಿ, ಆ ಊರಿನಲ್ಲಿ ಪರಿಚಯದ ಮಾತು ಅವನದೇ. ಖಣ ಬಿಚ್ಚಿ ತೋರಿಸಿದ ಹಾಗೆಯೇ ಮನುಷ್ಯರನ್ನೂ ತೋರಿಸುತ್ತಿದ್ದ: ಮೊದಲು ಅಂಚು, ಆಮೇಲೆ ಮೈ, ಹಿಮ್ಮಗ್ಗಲು ಮಾತ್ರ ಯಾರೂ ನೋಡಬಾರದು. ನಡುವೆ ಎಲ್ಲೋ ಒಂದು ಕಡೆ ತನ್ನ ಅಂಗಡಿಯ ಹೆಸರೂ ನುಸುಳಿ ಹೋಗುತ್ತಿತ್ತು. ಈ ಸಲ ಮುಂದಿನ ಸಾಲಿನಲ್ಲಿ ಕೂರುವವರು ಸೊಲ್ಲಾಪುರದ ಮಾಣಿಕಚಂದ ಸೇಠರು. ಗುತ್ತಿಗೆ ಯಾರಿಗೆಂದು ಅವರು ಮರುದಿನ ಹೇಳುವವರಿದ್ದರು. ಒಳ್ಳೆಯ ಪರಿಚಯ ಭಾಷಣಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೆ?

ಹಿಂದಿನ ದಿನ ಅವನು ವಿವರ ಕೇಳಲು ಅಜ್ಜನವರ ಬಳಿ ಹೋದ. ಭಕ್ತಿಯಿಂದೇನೂ ಅಲ್ಲ. ಮಾಲೇ ಇಲ್ಲದ ಅಂಗಡಿಗೆ ಇಷ್ಟು ಜನ ಯಾಕೆ ಹೋಗುತ್ತಾರೆ ಎಂಬುದು ಅವನಿಗೆ ಎಂದೂ ಅರ್ಥವಾಗಿರಲಿಲ್ಲ.

"ಅಜ್ಜಾರ, ತಾವು ಹುಟ್ಟಿದ ಊರು ಯಾವುದ್ರಿ? ಗುರುಗಳು ಯಾರು? ಪವಾಡ ಗಿವಾಡ ಏನರ ಆಗ್ಯಾವೇನ್ರಿ?"

ಅಜ್ಜನವರು ಕೈಯ ಬತ್ತಿಯನ್ನು ಹೊಸೆದು ಮುಗಿಸಿದರು.

"ಬತ್ತಿ ಹೊಸೀತಾನ ಅಂತ ಹೇಳು."

"ಅಷ್ಟಕ್ಕ ಮಂದಿ ಚಪ್ಪಾಳಿ ಹೊಡಿಯೂದಿಲ್ರಿ!"

ಅಜ್ಜನವರು ನಕ್ಕು ಇನ್ನೊಂದು ಎಳೆಯನ್ನು ಎತ್ತಿಕೊಂಡರು.

ಸಭೆಯ ದಿನ ಸಂಘದ ಮಾಳಿಗೆ ತುಂಬಿತ್ತು. ಮುಂದೆ ವ್ಯಾಪಾರಿಗಳು, ಹಿಂದೆ ನೇಕಾರರು, ಮೆಟ್ಟಿಲ ತುಂಬ ಚಪ್ಪಲಿ. ಮೂರನೆಯ ಸಾಲಿನಲ್ಲಿ, ಕಂಬಕ್ಕೆ ಒರಗಿ, ಶಿವಯೋಗೆಪ್ಪ ಕೂತಿದ್ದ. ಅವನು ರಾಚಪ್ಪನ ಅಕ್ಕ ಗಂಗವ್ವನ ಗಂಡ. ಒಂದು ಕಾಲಕ್ಕೆ ಇಬ್ಬರದೂ ಒಂದೇ ಅಂಗಡಿ. ಪಾಲಾದಾಗ, ರಾಚಪ್ಪನ ತಂದೆಯ ಹೆಸರಿದ್ದ ಹಳೆಯ ಬೋರ್ಡು ಯಾರಿಗೆ ಸೇರಬೇಕೆಂದು ಮಾತಿಗೆ ಮಾತು ಬೆಳೆದು, ಎರಡು ಮನೆಗಳ ನಡುವೆ ನೀರಿನ ಬಳಕೆಯೂ ನಿಂತಿತ್ತು. ಬೋರ್ಡು ರಾಚಪ್ಪನ ಬಳಿಯೇ ಉಳಿಯಿತು. ಅಂದಿನಿಂದ ಗಂಗವ್ವ ಪಂಚಮಿಗೆ ತವರಿಗೆ ಬಂದಿರಲಿಲ್ಲ. ಸೀಮೆಯ ಅಣ್ಣತಮ್ಮಂದಿರಿಗೆಲ್ಲ ಪಂಚಮಿಯ ಖಣ ಮಾರುವ ರಾಚಪ್ಪ, ತನ್ನ ಅಕ್ಕನಿಗೆ ಒಂದು ಖಣ ಕೊಟ್ಟು ಎಷ್ಟೋ ವರ್ಷವಾಗಿತ್ತು. ಈಗ ಸೇಠರ ಗುತ್ತಿಗೆಗೆ ಅವನ ಎದುರಾಳಿ ಎಂದರೆ ಈ ಶಿವಯೋಗೆಪ್ಪನೊಬ್ಬನೇ.

ರಾಚಪ್ಪ ಎದ್ದು ನಿಂತ. ಅಜ್ಜನವರು ಹಿಮಾಲಯದಲ್ಲಿ ತಪಸ್ಸು ಮಾಡಿದವರೆಂದ. ಹೊಳೆಯ ನೀರಿನಿಂದ ದೀಪ ಹಚ್ಚಿದವರೆಂದ. ಅಂಥ ಮಹಾತ್ಮರ ಪಾದಧೂಳಿ ಬಿದ್ದದ್ದರಿಂದಲೇ ತನ್ನಂಥ ಅಂಗಡಿಗಳ ಮಾಲು ಸೊಲ್ಲಾಪುರದವರೆಗೆ ಹೆಸರು ಮಾಡಿದೆ ಎಂದು ಸೇಠರ ಕಡೆ ತಿರುಗಿ ಕೈಮುಗಿದ. ಚಪ್ಪಾಳೆ ಬಿತ್ತು.

"ಸಾಕು, ರಾಚಪ್ಪ," ಎಂದರು ಅಜ್ಜನವರು ಮೆಲ್ಲಗೆ. "ನನ್ನ ಗುರುತು ಇವರಿಗೆ ಐತಿ. ಇವರ ಗುರುತು ನನಗ ಅಷ್ಟಿಲ್ಲ. ಅದನ್ನ ಹೇಳು."

"ಇಷ್ಟೂ ಮಂದೀದೇನ್ರಿ?"

"ಆದಷ್ಟು ಹೇಳು. ಅಂಗಡಿ ಹೆಸರು ಬ್ಯಾಡ. ಇವರಿಂದ ನಿನಗ ಏನು ಒಳ್ಳೇದಾಗೇತಿ, ಅಷ್ಟ ಹೇಳು."

ಸಭೆ ಗೊಳ್ಳೆಂದು ನಕ್ಕಿತು. ಹಿಂದಿನಿಂದ ಯಾರೋ ಕೂಗಿದರು: "ಅಜ್ಜಾರ, ಅದು ನಾಕ ಮಾತಿನ್ಯಾಗ ಮುಗೀತೈತ್ರಿ!"

ರಾಚಪ್ಪನೂ ನಕ್ಕ. ಮಾತಿಗೆ ಹೆದರುವ ಆಸಾಮಿಯಲ್ಲ. ಮುಂದಿನ ಸಾಲಿನಿಂದ ಹಿಡಿದ. ಸೇಠರು, ಲಾರಿ ಕೆಟ್ಟು ನಿಂತ ಒಂದು ದಿನ ತಮ್ಮ ಮನೆಯಲ್ಲೇ ಉಣ್ಣಿಸಿ ಮಲಗಿಸಿದವರು. ಸಂಘದ ಅಧ್ಯಕ್ಷರು, ಮಗಳ ಮದುವೆಗೆ ಪಾತ್ರೆ ಕೊಟ್ಟವರು. "ಪಾತ್ರಿ ತಿರುಗಿ ಬಂದಿಲ್ಲೋ!" ಎಂದರು ಅಧ್ಯಕ್ಷರು. ಎರಡನೆಯ ಸಾಲಿನ ಮುರಿಗೆಪ್ಪ, ಹಾವು ಕಚ್ಚಿದಾಗ ಸೈಕಲ್ಲಿನ ಮೇಲೆ ದವಾಖಾನೆಗೆ ಒಯ್ದವನು. ಮುರಿಗೆಪ್ಪ ತಲೆ ಬಗ್ಗಿಸಿದ. ಅದನ್ನು ಇವನು ನೆನಪಿಟ್ಟಿರುತ್ತಾನೆಂದು ಅವನು ತಿಳಿದಿರಲಿಲ್ಲ. ಹೇಳುತ್ತ ಹೇಳುತ್ತ ರಾಚಪ್ಪನಿಗೇ ಬೆರಗಾಯಿತು. ಇಷ್ಟು ಮಾಲು ತನ್ನ ಬಳಿ ಇದೆಯೆಂದು ಅವನಿಗೇ ಗೊತ್ತಿರಲಿಲ್ಲ. ಜನ ಕುತ್ತಿಗೆ ಚಾಚಿ ತಮ್ಮ ಪಾಳಿ ಕಾಯತೊಡಗಿದರು.

ಮೂರನೆಯ ಸಾಲು ಬಂತು. ಕಂಬದ ಈಚೆಯವನನ್ನು ಹೇಳಿದ ರಾಚಪ್ಪ, ಕಂಬದ ಆಚೆಯವನಿಗೆ ಜಿಗಿದ.

"ಒಂದು ಎಳಿ ಬಿಟ್ಟಿತಲ್ಲ, ರಾಚಪ್ಪ," ಎಂದರು ಅಜ್ಜನವರು.

ಹಿಂದೆ ಕೂತ ನೇಕಾರರು ಕತ್ತೆತ್ತಿ ಕಂಬದ ಕಡೆ ನೋಡಿದರು. ಮಗ್ಗದ ಉದ್ದ ನೂಲಿನ ಹಾಸಿನಲ್ಲಿ ಒಂದು ಎಳೆ ಬಿಟ್ಟರೆ ಖಣದ ಉದ್ದಕ್ಕೂ ಗೀರು ಬೀಳುತ್ತದೆ ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಅವರು... ಶಿವಯೋಗೆಪ್ಪ ಅಂತರಿ. ಬಣ್ಣದ ಖಣದ ವ್ಯಾಪಾರಿ."

"ಅಂಗಡಿ ಬ್ಯಾಡ ಅಂದಿದ್ನಲ್ಲ."

ರಾಚಪ್ಪ ಸೇಠರ ಮುಖ ನೋಡಿದ. ಅವರು ಕಿವಿ ತೆರೆದೇ ಕೂತಿದ್ದರು. ವ್ಯಾಪಾರದವನಿಗೆ ಲೆಕ್ಕ ಹಾಕಲು ಎಷ್ಟು ಹೊತ್ತು ಬೇಕು? ಇದ್ದದ್ದನ್ನು ಹೇಳಿದರೆ ಗುತ್ತಿಗೆ ಕಂಬದ ಕಡೆಗೆ ಹೋಗುತ್ತದೆ. ಒಂದು ಸುಳ್ಳು ಹೇಳಿ ಮುಂದೆ ಸಾಗಬಹುದು. ಈಗ ತಾನೇ ಹೊಳೆಯ ನೀರಿನಿಂದ ದೀಪ ಹಚ್ಚಿ ಬಂದ ನಾಲಗೆಗೆ ಅದೇನು ಭಾರ? ಅವನು ಅಜ್ಜನವರ ಕಡೆ ತಿರುಗಿದ. ಅವರು ಅವನನ್ನು ನೋಡುತ್ತಲೇ ಇರಲಿಲ್ಲ. ಪಂಚೆಯ ಚುಂಗಿನಿಂದ ಒಂದು ಎಳೆ ತೆಗೆದು, ತೊಡೆಯ ಮೇಲೆ ಬತ್ತಿ ಹೊಸೆಯುತ್ತ ಕುಳಿತಿದ್ದರು. ಅವಸರವಿರಲಿಲ್ಲ.

"ನಮ್ಮಕ್ಕನ್ನ ಕೊಟ್ಟ ಮನೀರಿ," ಎಂದ ರಾಚಪ್ಪ. ದನಿ ಬೇರೆಯಾಗಿತ್ತು. "ನಮ್ಮಪ್ಪ ಹಾಸಿಗಿ ಹಿಡದಾಗ ನಾನು ಸಂತಿ ತಿರಗತಿದ್ದೆ. ಅಪ್ಪನ ಹೇಸಿಗಿ ಬಳದು, ಹಾಸಿಗಿ ಅರಿವಿ ಒಗದು, ಕಡೀತನಕ ನೋಡಿದಾವರು ಇವರು. ಮಗ ನಾನು, ಮಾಡಿದಾವರು ಇವರು." ಕಂಬದ ಕಡೆ ತಿರುಗಿದ. "ಬಣ್ಣ ನೋಡೂದ ಕಲಿಸಿದಾವರೂ ಇವರ. ಆದ್ರ ಇವರ ಕೈ ನನಗ ಬರಲಿಲ್ಲ. ಇವರ ಖಣದ ಬಣ್ಣ ಬಿಡೂದಿಲ್ರಿ. ನಂದು ಒಮ್ಮೊಮ್ಮೆ ಬಿಡತೈತಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಶಿವಯೋಗೆಪ್ಪ ರುಮಾಲು ಬಿಚ್ಚಿ ಮುಖ ಒರೆಸಿಕೊಂಡು ಮತ್ತೆ ಸುತ್ತಿಕೊಂಡ.

ಅಜ್ಜನವರು ಬತ್ತಿಯನ್ನು ಮುಗಿಸಿ ಎದ್ದು ನಿಂತರು. ಸಭೆಗೆ ಕೈಮುಗಿದರು. "ಗುರುತು ಆತು. ಊಟಕ್ಕ ಏಳ್ರಿ," ಎಂದರು. ಅವರ ಭಾಷಣ ಅಷ್ಟೇ. ಆ ಊರಿನವರು ಕೇಳಿದ ಭಾಷಣಗಳಲ್ಲಿ ಇಂದಿಗೂ ನೆನಪಿರುವುದು ಅದೊಂದೇ.

ಮರುದಿನ ಸೇಠರು ಗುತ್ತಿಗೆಯನ್ನು ಶಿವಯೋಗೆಪ್ಪನಿಗೆ ಕೊಟ್ಟರು. "ಎದುರಾಳಿಯೇ ಬಣ್ಣ ಬಿಡುವುದಿಲ್ಲ ಎಂದ ಮೇಲೆ ನಾನಿನ್ನೇನು ತೊಳೆದು ನೋಡಲಿ?" ಎಂದರಂತೆ. ತಪ್ಪು ಹೇಳುವಂತಿಲ್ಲ, ನಾವಾದರೂ ಅದನ್ನೇ ಮಾಡುತ್ತಿದ್ದೆವು.

ರಾಚಪ್ಪ ನೇರವಾಗಿ ಬಾವಿಯ ಪಕ್ಕದ ಮನೆಗೆ ಹೋದ.

"ಅಜ್ಜಾರ, ಗುತ್ತಿಗಿ ಹೋತ್ರಿ."

ಅಜ್ಜನವರು ಅವನ ಮುಂದೆ ಒಂದು ಹಿಡಿ ನೂಲು ಇಟ್ಟರು. ಅವನು ಹೊಸೆಯಲು ಕುಳಿತ. ಬತ್ತಿ ಸೊಟ್ಟಗೆ ಬಂತು. ಸ್ವಲ್ಪ ಹೊತ್ತಿನ ಮೇಲೆ ಅಜ್ಜನವರು ಕೇಳಿದರು:

"ಪಂಚಮಿ ಯಾವಾಗ, ರಾಚಪ್ಪ?"

ವರ್ಷವೆಲ್ಲ ಆ ಹಬ್ಬದ ದಾರಿ ಕಾಯುವ ವ್ಯಾಪಾರಿ, ತಿಥಿ ಬಾಯಲ್ಲೇ ಇತ್ತು. ಆದರೆ ಅಜ್ಜನವರು ಕೇಳಿದ್ದು ತಿಥಿಯನ್ನಲ್ಲ. ಕೈಯ ಬತ್ತಿಯನ್ನು ಅಜ್ಜನವರ ಪಾದದ ಬಳಿ ಇಟ್ಟು, ತಲೆ ನೆಲಕ್ಕೆ ಮುಟ್ಟಿಸಿ ಎದ್ದ.

ಸಂಜೆ ಅವನು ಅಕ್ಕನ ಮನೆಯ ಹೊಸ್ತಿಲಲ್ಲಿ ನಿಂತಾಗ ಶಿವಯೋಗೆಪ್ಪ ಒಳಗಿನಿಂದಲೇ ಕೇಳಿದ: "ಯಾರ್ರೀ ಅದು? ಗುರುತು ಹತ್ತವಲ್ದು."

"ನಿನ್ನೆ ಊರ ಮುಂದ ಗುರುತು ಮಾಡಿಕೊಟ್ಟೇನಲ್ಲೋ ಮಾಮಾ. ಮತ್ತೊಮ್ಮೆ ಹೇಳಲೇನು?"

"ಬ್ಯಾಡ ಮಾರಾಯಾ, ಒಳಗ ಬಾ. ನಿನ್ನೆ ಹೇಳಿದ್ದಕ್ಕ ರಾತ್ರಿಯೆಲ್ಲಾ ನಿದ್ದಿ ಬಂದಿಲ್ಲ."

ಗಂಗವ್ವ ಬಂದಳು. ತಮ್ಮ ಚಾಚಿದ ಖಣವನ್ನು ಇಸಿದುಕೊಂಡು, ಸೀದಾ ತಿರುವಿ ಹಿಮ್ಮಗ್ಗಲು ನೋಡಿದಳು. ಕಣ್ಣಲ್ಲಿ ನೀರಿದ್ದರೂ ನೋಡಿಯೇ ನೋಡಿದಳು, ವ್ಯಾಪಾರಿಯ ಮಗಳು.

"ರಾಚೂ, ಇದರ ಬಣ್ಣ ಬಿಡತೈತೇನ?"

"ಬಿಡೂದಿಲ್ಲಕ್ಕಾ. ನಿನ್ನ ಗಂಡನ ಅಂಗಡ್ಯಾಗ ರೊಕ್ಕಾ ಕೊಟ್ಟ ತಂದೇನಿ."

ಅಂದಿನಿಂದ ರಾಚಪ್ಪನ ಪರಿಚಯ ಭಾಷಣಗಳು ಚಿಕ್ಕವಾದವು. ಬಂದವರು ನಮಗೇನು ಒಳ್ಳೆಯದು ಮಾಡಿದ್ದಾರೆ ಎಂದಷ್ಟೇ ಹೇಳಿ ಕುಳಿತುಬಿಡುತ್ತಿದ್ದ. ಏನೂ ಮಾಡದವರ ಪಾಳಿ ಬಂದರೆ ಹೆಸರು ಹೇಳಿ ನೀರು ಕೊಡುತ್ತಿದ್ದ. ಅಜ್ಜನವರ ಪರಿಚಯವನ್ನು ಯಾರಾದರೂ ಕೇಳಿದರೆ ಮಾತ್ರ, "ಬತ್ತಿ ಹೊಸೀತಾರ," ಎಂದು ಕೈಮುಗಿಯುತ್ತಿದ್ದ.

ಇನ್ನು ಆ ವರ್ಷದ ಲೆಕ್ಕ. ಹೋದದ್ದು ಎರಡು ವರ್ಷದ ಗುತ್ತಿಗೆ, ಒಂದು ಖಣದ ಬೆಲೆ, ಮತ್ತು ಹಳೆಯ ಬೋರ್ಡು. ಅದನ್ನು ಅವನೇ ಹೊತ್ತೊಯ್ದು ಮಾಮನ ಅಂಗಡಿಗೆ ಹಾಕಿದ. ಬಂದದ್ದು ಪಂಚಮಿಯ ದಿನ ಡಬ್ಬಿ ತುಂಬ ಶೇಂಗಾ ಉಂಡಿ, ತವರಿನ ಹಿತ್ತಲ ಬೇವಿನ ಮರಕ್ಕೆ ಮತ್ತೆ ಕಟ್ಟಿದ ಜೋಕಾಲಿ, ಅದರ ಮೇಲೆ ಅಕ್ಕ.