ತಲೆಗೊಂದು ನೆಲ್ಲಿಕಾಯಿ

ಅಂದು ಮಾಘ ಶುದ್ಧ ಪಾಡ್ಯ. ಬೆಳಗಿನಿಂದ ದಟ್ಟ ಮಂಜು ಕವಿದಿತ್ತು. ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ.

ಒಂದು ಕಾಡಿನಲ್ಲಿ, ಉರುಳಿ ಬಿದ್ದ ಅತ್ತಿಮರದ ಸುತ್ತ, ಮೂರು ಶಾಲೆಗಳ ಸಭೆ ಸೇರಿತ್ತು. ಜಿಂಕೆ ಮರಿಗಳು ಓದುವ ಹುಲ್ಲುಬಯಲಿನ ಶಾಲೆ, ಮೊಲದ ಮರಿಗಳ ಮುಳ್ಳುಪೊದೆಯ ಶಾಲೆ, ನವಿಲು ಮರಿಗಳ ದಿಬ್ಬದ ಶಾಲೆ. ಮೂರಕ್ಕೂ ಒಬ್ಬನೇ ಹಿರಿಯನಿದ್ದ. ಅವನು ಮುಸಿಯಜ್ಜ, ಮುಖವೆಲ್ಲ ಕಪ್ಪಾದ ಮುದಿ ಮುಸುವ ಕೋತಿ. ಅವನು ಕೊಂಬೆಯಿಂದ ಕೊಂಬೆಗೆ ಹಾರುತ್ತಾ ಶಾಲೆಯಿಂದ ಶಾಲೆಗೆ ಹೋಗುತ್ತಿದ್ದ. ಯಾವ ವಾಸನೆಗೆ ಅಂಜಬೇಕು, ಯಾವಾಗ ಓಡಬೇಕು, ಯಾವಾಗ ಅಲುಗದೆ ಮಲಗಬೇಕು ಎಂದು ಮರಿಗಳಿಗೆ ಕಲಿಸುತ್ತಿದ್ದ. ಮೇಷ್ಟ್ರುಗಳು ತಪ್ಪು ಹೇಳಿಕೊಟ್ಟರೆ ಅವರನ್ನೂ ತಿದ್ದುತ್ತಿದ್ದ.

ಅತ್ತಿಮರವೇ ಅವನ ಹೊಟ್ಟೆ ಹೊರೆಯುತ್ತಿತ್ತು. ಮಳೆಗಾಲದ ಗಾಳಿಗೆ ಮರ ಬಿದ್ದ ಮೇಲೆ ಅಜ್ಜ ಹಣ್ಣು ಹುಡುಕುತ್ತಾ ದೂರ ದೂರ ಅಲೆಯಬೇಕಾಯಿತು. ಶಾಲೆಗಳಿಗೆ ಬರುವುದು ಅಪರೂಪವಾಯಿತು. ಅವನ ಊಟದ ಹೊರೆಯನ್ನು ಯಾರು ಹೇಗೆ ಹೊರುವುದು? ಶಾಲೆಗಳನ್ನೇ ಕೇಳಿ ತೀರ್ಮಾನಿಸಬೇಕು ಎಂದಾಯಿತು. ಕೇಳುವ ಕೆಲಸಕ್ಕೆ ಸಂಧಾನಯ್ಯನೆಂಬ ನರಿ ತಾನಾಗಿ ಮುಂದೆ ಬಂದಿತ್ತು.

ಹುಲ್ಲುಬಯಲಿನ ಶಾಲೆಯ ಟೀಚರು ಸಂಪಿಗೆ ಎಂಬ ಜಿಂಕೆ. ಅವಳ ಮರಿ ಚುಕ್ಕಿ ಅದೇ ಶಾಲೆಗೆ ಆಗಷ್ಟೇ ಸೇರಿತ್ತು. ಅಜ್ಜ ಬಾರದ ದಿನಗಳಲ್ಲಿ ಸಂಪಿಗೆಗೆ ಪಾಠ ಓಡುತ್ತಿರಲಿಲ್ಲ. ಕಿವಿ ಎಲ್ಲೋ, ಕಣ್ಣು ಎಲ್ಲೋ.

“ತಲೆಗೊಂದು ನೆಲ್ಲಿಕಾಯಿ ಕೊಟ್ಟರಾಯಿತು. ವಾರಕ್ಕೊಮ್ಮೆ. ಅಜ್ಜನ ಹೊಟ್ಟೆ ತುಂಬುತ್ತೆ” ಎಂದಳು ಅವಳು.

ಮುಳ್ಳುಪೊದೆಯ ಶಾಲೆಯ ಚಿಗುರಪ್ಪ ಮೇಷ್ಟ್ರು ಕಿವಿ ನಿಮಿರಿಸಿದರು. “ತಲೆ ಲೆಕ್ಕ ಹಾಕಿದರೆ ನಾವು ಮುಳುಗಿದೆವು ತಾಯಿ. ಮೊಲದ ಮನೆಯಲ್ಲಿ ಎಷ್ಟು ತಲೆ ಅಂತ ಮೊಲಕ್ಕೇ ಗೊತ್ತಿರಲ್ಲ. ತೂಕದ ಲೆಕ್ಕ ಹಾಕಿ.”

“ತೂಕವೇ? ಆಗ ಜಿಂಕೆಯವರೇ ಎಲ್ಲಾ ಕೊಡಬೇಕಾಗುತ್ತೆ, ಪಾಪ” ಎಂದಳು ದಿಬ್ಬದ ಶಾಲೆಯ ನವಿಲು ಗರಿಯಮ್ಮ. “ಕಾಲಿನ ಲೆಕ್ಕ ಹಾಕಿ. ನಮಗಿರೋದೇ ಎರಡು.”

“ರೆಕ್ಕೆ ಎರಡನ್ನ ಎಲ್ಲಿ ಬಚ್ಚಿಟ್ಟಿರಿ ಗರಿಯಮ್ಮ?”

“ರೆಕ್ಕೆ ಇರೋದಕ್ಕೇ ಹೇಳ್ತಿರೋದು ಮೇಷ್ಟ್ರೆ. ಅಪಾಯ ಬಂದರೆ ನಮ್ಮ ಮಕ್ಕಳು ಹಾರಿಬಿಡ್ತಾವೆ. ಅಜ್ಜ ನಿಮಗೇ ಹೆಚ್ಚು ಬೇಕು, ನೀವೇ ಹೆಚ್ಚು ಕೊಡಿ.”

ಮಾತು ಬೆಳೆಯಿತು. ಸಂಧಾನಯ್ಯ ಎಲ್ಲವನ್ನೂ ತಲೆದೂಗಿ ಕೇಳಿಸಿಕೊಂಡ. ಗಂಟಲು ಬತ್ತಿ ಎಲ್ಲರೂ ಸುಮ್ಮನಾದ ಮೇಲೆ ಮೆಲ್ಲಗೆ ಎದ್ದು ನಿಂತ.

“ಅಕ್ಕಂದಿರೇ, ಮೇಷ್ಟ್ರೇ, ಒಂದು ನೆಲ್ಲಿಕಾಯಿಗೆ ಯಾಕೆ ಇಷ್ಟು ಮನಸ್ತಾಪ? ಯಾರೂ ಏನೂ ಕೊಡಬೇಕಾಗಿಲ್ಲ. ಹಳ್ಳದಾಚೆ ಒಬ್ಬರು ದೊಡ್ಡವರಿದ್ದಾರೆ. ಅಜ್ಜನ ಊಟ ಪೂರ್ತಿ ಅವರದೇ. ಅವರು ಕೇಳೋದು ಇಷ್ಟೇ: ಮೂರೂ ಶಾಲೆಯ ಮಕ್ಕಳನ್ನು ಕೆಳಗಿನ ತಗ್ಗಿನಲ್ಲಿ ಒಟ್ಟಿಗೆ ಕೂರಿಸಿ ಪರೀಕ್ಷೆ ಮಾಡಬೇಕು. ತಮ್ಮ ದಾನದಿಂದ ಮಕ್ಕಳು ಎಷ್ಟು ಮುಂದೆ ಬಂದಿದ್ದಾರೆ ಅಂತ ಅವರು ಮರೆಯಲ್ಲಿ ಕೂತು ನೋಡ್ತಾರೆ. ಆವತ್ತು ಅಜ್ಜ ಮಾತ್ರ ಮರದ ಮೇಲೆ ಇರಬಾರದು. ಹೇಳಿಕೊಟ್ಟುಬಿಟ್ಟರೆ ಪರೀಕ್ಷೆಗೆ ಅರ್ಥವೇನು?”

ಚಿಗುರಪ್ಪ ಮೇಷ್ಟ್ರ ಮುಖ ಅರಳಿತು. ಗರಿಯಮ್ಮ ಕತ್ತು ಕೊಂಕಿಸಿ “ನ್ಯಾಯವಾದ ಮಾತು” ಎಂದಳು.

ಸಂಪಿಗೆಯ ಮೂಗಿಗೆ ಏನೋ ಬಡಿಯಿತು. ಮಂಜಿನಲ್ಲಿ ನರಿಯ ಮೈಯಿಂದ ಬರುತ್ತಿದ್ದ ವಾಸನೆ ನರಿಯದಾಗಿರಲಿಲ್ಲ.

“ನಿಮ್ಮ ಮೈ ಏನೋ ಬೇರೆ ವಾಸನೆ ಬರ್ತಿದೆಯಲ್ಲ ಸಂಧಾನಯ್ಯನವರೇ?”

“ಪುನುಗಿನ ಬೆಕ್ಕಿನ ಮನೆಗೆ ಹೋಗಿದ್ದೆ ಅಕ್ಕಾ. ಅವರದು ಗೊತ್ತಲ್ಲ, ತೊಳೆದರೂ ಹೋಗಲ್ಲ.”

ಎಲ್ಲರೂ ನಕ್ಕರು. ಸಂಪಿಗೆಯ ಮುಂಗಾಲು ತಾನಾಗಿ ನೆಲದಿಂದ ಮೇಲೆದ್ದಿತು.

ಜಿಂಕೆ ಕಾಲು ಬಡಿದರೆ ಆ ಕಾಡಿನಲ್ಲಿ ಅಪಾಯ ಎಂದು ಅರ್ಥ. ಬಡಿದ ಕೂಡಲೇ ಎಲ್ಲವೂ ಚೆದುರಿ ಓಡಬೇಕು. ಹಾಗಾಗಿಯೇ ಸಭೆಯಲ್ಲಿ ಕಾಲು ಬಡಿಯುವುದು ಅಮರ್ಯಾದೆ ಎಂಬ ಕಟ್ಟಳೆಯೂ ಇತ್ತು. ಸಂಪಿಗೆ ಚಿಕ್ಕವಳಿದ್ದಾಗ ಒಮ್ಮೆ ಸಭೆಯಲ್ಲಿ ಒಣಕೊಂಬೆ ಮುರಿದ ಸದ್ದಿಗೆ ಕಾಲು ಬಡಿದುಬಿಟ್ಟಿದ್ದಳು. ಹಿರಿಯರೆಲ್ಲ ಎದ್ದುಬಿದ್ದು ಓಡಿದ್ದರು. ಇಂದಿಗೂ ಅವಳನ್ನು ಹಿಂದಿನಿಂದ ‘ಒಣಕೊಂಬೆ ಟೀಚರು’ ಎನ್ನುವವರಿದ್ದರು.

ಅವಳು ಎತ್ತಿದ ಕಾಲನ್ನು ಸದ್ದಾಗದಂತೆ ಕೆಳಗಿಟ್ಟಳು.

“ಯಾರದೂ ತಕರಾರಿಲ್ಲ. ಎಲ್ಲ ಶಾಲೆಗಳನ್ನೂ ಕೇಳಿದ ಹಾಗಾಯಿತು” ಎಂದ ಸಂಧಾನಯ್ಯ.

ಸುದ್ದಿಯನ್ನು ಸಂಪಿಗೆಯೇ ಹೋಗಿ ಮುಸಿಯಜ್ಜನಿಗೆ ತಿಳಿಸಿದಳು. ಹಸಿವಿನಿಂದ ಅವನ ಪಕ್ಕೆಲುಬು ಎದ್ದು ಕಾಣುತ್ತಿತ್ತು.

“ಆ ದೊಡ್ಡವರ ಮುಖ ನೋಡಿದಿಯೇನಮ್ಮಾ?”

“ಇಲ್ಲ ಅಜ್ಜ.”

“ಬೇರೆ ಯಾರಾದರೂ ನೋಡಿದರಾ?”

“ಯಾರೂ ನೋಡಿಲ್ಲ” ಎಂದಳು ಸಂಪಿಗೆ.

“ಸರಿ. ಶಾಲೆಗಳೇ ಒಪ್ಪಿದ ಮೇಲೆ ನನ್ನದೇನಿದೆ? ಹಳ್ಳದಾಚೆ ಹಣ್ಣು ಇಟ್ಟಿರ್ತಾರಂತೆ, ಹೋಗ್ತೀನಿ. ನೀನು ಮಾತ್ರ ಕೊನೇ ಪಾಠ ಮರೀಬೇಡ. ಓಡುವಾಗ ಬಾಲ ಎತ್ತು. ಅದರ ಅಡಿಯ ಬಿಳುಪು ನೋಡಿಕೊಂಡೇ ಮರಿಗಳು ಹಿಂದೆ ಬರೋದು. ಮಂಜಿನಲ್ಲಿ ಅವಕ್ಕೆ ಕಾಣೋದು ಅದೊಂದೇ.”

ಪರೀಕ್ಷೆಯ ದಿನವೂ ಮಂಜು ಇಳಿದಿತ್ತು. ತಗ್ಗಿನಲ್ಲಿ ಮರಿಗಳು ಒತ್ತಾಗಿ ಕುಳಿತವು. ಸುತ್ತ ಎತ್ತರದ ಹುಲ್ಲು, ಅದರ ಹಿಂದೆ ಲಂಟಾನದ ಪೊದೆ. ಸಂಧಾನಯ್ಯ ನಡುವಿನ ಬಂಡೆಯ ಮೇಲೆ ಕುಳಿತು ಗಂಟಲು ಸರಿಮಾಡಿಕೊಂಡ.

“ದೊಡ್ಡವರು ಬಂದು ಕೂತಾಗಿದೆ ಮಕ್ಕಳೇ. ಇದೂ ಒಂದು ಸಭೆಯೇ. ಯಾರೂ ಅಲುಗಬಾರದು, ಯಾರೂ ಎದ್ದು ಹೋಗಬಾರದು.”

ಆ ವಾಸನೆ ಮತ್ತೆ ಬಂತು. ಈ ಸಲ ಅದು ನರಿಯ ಕಡೆಯಿಂದ ಬರಲಿಲ್ಲ. ಹುಲ್ಲಿನ ಕಡೆಯಿಂದ ಬಂತು. ಸಂಪಿಗೆ ಚಿಗುರಪ್ಪ ಮೇಷ್ಟ್ರನ್ನು ನೋಡಿದಳು. ಅವರ ಕಿವಿಗಳು ಬೆನ್ನಿಗೆ ಅಂಟಿಹೋಗಿದ್ದವು, ಮೀಸೆ ನಡುಗುತ್ತಿತ್ತು. ಗರಿಯಮ್ಮನ ಕತ್ತು ಕಡ್ಡಿಯಂತೆ ಸೆಟೆದಿತ್ತು. ಅವರಿಗೂ ವಾಸನೆ ಬಡಿದಿತ್ತು. ಯಾರಾದರೂ ಮೊದಲು ಬಾಯಿ ಬಿಡಲಿ ಎಂದು ಒಬ್ಬೊಬ್ಬರೂ ಕಾಯುತ್ತಿದ್ದರು.

ಸಂಪಿಗೆಯ ಮುಂಗಾಲು ಮೇಲೆದ್ದಿತು.

“ಏನು ಟೀಚರ್, ಇವತ್ತೂ ಒಣಕೊಂಬೆಯೇ?” ಎಂದ ಸಂಧಾನಯ್ಯ.

ಮರಿಗಳು ಕಿಲಕಿಲ ನಕ್ಕವು. ಸಂಪಿಗೆಯ ಮುಖ ಬಿಸಿಯಾಯಿತು. ಕಾಲು ಗಾಳಿಯಲ್ಲೇ ನಿಂತಿತು. ದೊಡ್ಡವರ ಮುಂದೆ ಮರ್ಯಾದೆ ಹೋದರೆ? ನಾಳೆಯಿಂದ ಅಜ್ಜನ ಊಟ ನಿಂತರೆ? ಅದು ನಿಜಕ್ಕೂ ಪುನುಗಿನ ಬೆಕ್ಕೇ ಆಗಿದ್ದರೆ?

ಚುಕ್ಕಿ ಮಾತ್ರ ನಗಲಿಲ್ಲ. ಅದು ಹುಲ್ಲಿನ ಕಡೆ ನೆಟ್ಟ ಕಣ್ಣು ತೆಗೆಯದೆ ಮೆಲ್ಲಗೆ ಕೇಳಿತು:

“ಅಮ್ಮಾ, ಗಾಳಿ ಇಲ್ಲ. ಹುಲ್ಲು ಯಾಕೆ ಉಸಿರಾಡ್ತಿದೆ?”

ಸಂಪಿಗೆ ಕಾಲು ಬಡಿದಳು.

ತಗ್ಗಿನ ನೆಲ ಗುದ್ದಿದಂತಾಯಿತು. ಅಜ್ಜ ಕಲಿಸಿದ್ದೆಲ್ಲ ಮರಿಗಳ ಕಾಲಿಗೆ ಬಂತು. ಮೊಲದ ಮರಿಗಳು ಮುಳ್ಳಿನೊಳಗೆ ನುಗ್ಗಿದವು. ನವಿಲು ಮರಿಗಳು ಬಡಬಡನೆ ರೆಕ್ಕೆ ಬಡಿದು ಕೊಂಬೆ ಹಿಡಿದವು. ಸಂಪಿಗೆ ಬಾಲ ಎತ್ತಿ ಓಡಿದಳು. ಜಿಂಕೆ ಮರಿಗಳು ಆ ಬಿಳುಪಿನ ಹಿಂದೆ ಸಾಲಾಗಿ ದಿಬ್ಬ ಹತ್ತಿದವು.

ದಿಬ್ಬದ ಮೇಲೆ ಅವಳು ತಿರುಗಿ ನೋಡಿದಳು. ತಗ್ಗಿನಲ್ಲಿ ಗರಿಯಮ್ಮನ ಪುಟ್ಟ ಮರಿಯೊಂದು ಹಾಗೇ ನಿಂತಿತ್ತು. ಇನ್ನೂ ಸರಿಯಾಗಿ ಹಾರಲು ಬಾರದ ಮರಿ, ಹೆದರಿ ಕಲ್ಲಾಗಿತ್ತು. ಸಂಪಿಗೆ ಚುಕ್ಕಿಯನ್ನು ಬಿಟ್ಟು ಕೆಳಗೆ ಜಿಗಿದಳು. ಮೂಗಿನಿಂದ ಮರಿಯನ್ನು ಮುಳ್ಳಿನೊಳಗೆ ದೂಡಿದಳು. ಆಗಲೇ ಹುಲ್ಲು ಬಿರಿದು ಚಿರತೆ ಹೊರಗೆ ಬಂತು. ಅದರ ಉಗುರು ಅವಳ ಹಿಂಬದಿಗೆ ನಾಟಿತು. ಅವಳು ಅರಚಿ, ಕಿತ್ತುಕೊಂಡು ಓಡಿದಳು.

ತಗ್ಗು ಖಾಲಿಯಾಯಿತು. ಅಜ್ಜನ ಪಾಠ ಒಂದು ದಿನವೂ ಕೇಳದ ಸಂಧಾನಯ್ಯನಿಗೆ ಎತ್ತ ಓಡಬೇಕೆಂದು ತಿಳಿಯಲಿಲ್ಲ. ಅವನು ಬಂಡೆಯ ಮೇಲೆಯೇ ಬಾಲ ಮುದುರಿ ಕುಳಿತಿದ್ದ.

“ಮಕ್ಕಳು ಅಲುಗಲ್ಲ ಅಂತ ನೀನೇ ಅಂದಿದ್ದೆ” ಎಂದಿತು ಚಿರತೆ.

“ಒಡೆಯಾ, ಇನ್ನೊಂದು ಸಭೆ ಕರೀತೀನಿ. ಎಲ್ಲರನ್ನೂ ಮತ್ತೆ ಕೇಳಿ…”

“ಮಾತು ಕೊಟ್ಟವನು ನೀನು. ಹಸಿದಿರುವವನು ನಾನು. ಇನ್ನು ಯಾರನ್ನೂ ಕೇಳಬೇಕಾಗಿಲ್ಲ.”

ಮುಳ್ಳಿನೊಳಗಿದ್ದ ಮೊಲಗಳು ಕಣ್ಣು ಮುಚ್ಚಿಕೊಂಡವು. ಮತ್ತೆ ತೆರೆದಾಗ ಬಂಡೆಯ ಮೇಲೆ ಯಾರೂ ಇರಲಿಲ್ಲ.

ಸಂಜೆ ಮುಸಿಯಜ್ಜ ಬರಿಹೊಟ್ಟೆಯಲ್ಲಿ ಹಿಂತಿರುಗಿದ. ಹಳ್ಳದಾಚೆ ಹಣ್ಣೂ ಇರಲಿಲ್ಲ, ಇಡುವವರೂ ಇರಲಿಲ್ಲ. ಬಿದ್ದ ಅತ್ತಿಮರದ ಹತ್ತಿರ ಮೂರೂ ಶಾಲೆಯವರು ಕಾದಿದ್ದರು. ಮರಿಗಳು ಒಂದೊಂದಾಗಿ ಬಂದು ಅವನ ಮುಂದೆ ನೆಲ್ಲಿಕಾಯಿ ಇಟ್ಟವು. ಚಿಗುರಪ್ಪ ಮೇಷ್ಟ್ರು ತೂಕದ ಲೆಕ್ಕ ಹಾಕಲಿಲ್ಲ. ಗರಿಯಮ್ಮ ಕಾಲು ಎಣಿಸಲಿಲ್ಲ. ನಡೆದದ್ದನ್ನು ಮೇಷ್ಟ್ರೇ ತಗ್ಗಿದ ದನಿಯಲ್ಲಿ ಹೇಳಿದರು.

ಅಜ್ಜ ಒಂದು ನೆಲ್ಲಿಕಾಯಿ ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ.

“ಆವತ್ತು ಕೇಳಿದ್ದು ಇಷ್ಟೇ ತಾನೇ? ಇದನ್ನು ಉಳಿಸಿಕೊಳ್ಳೋಕೆ ಕೊನೆಗೆ ಕೊಟ್ಟಿದ್ದೇನು?”

ಗರಿಯಮ್ಮ ತನ್ನ ಪುಟ್ಟ ಮರಿಯನ್ನು ರೆಕ್ಕೆಯ ಕೆಳಗೆ ಎಳೆದುಕೊಂಡಳು. ಕೊನೆಗೆ ಸಂಪಿಗೆ, ಚುಕ್ಕಿಗೆ ಕಾಣದಂತೆ ಮರದ ಮರೆಗೆ ಸರಿದು, ಅಜ್ಜನಿಗೆ ಬೆನ್ನು ಮಾಡಿ ನಿಂತಳು.

ಮರಿಗಳಿಗೆ ದಾರಿ ತೋರುವ ಆ ಬಿಳಿ ಬಾಲ ಅಲ್ಲಿ ಇರಲಿಲ್ಲ.

ನೀತಿ: ಮಕ್ಕಳ ಒಳಿತಿಗೆ ಬೇಕಾದ ಸಣ್ಣ ಪಾಲನ್ನು ನಾವೇ ಹಂಚಿಕೊಂಡು ಕೊಡಬೇಕು, ಮುಖ ತೋರದವನ ಪುಕ್ಕಟೆ ಕೊಡುಗೆಗೆ ಒಪ್ಪಬಾರದು, ಅಪಾಯ ತಿಳಿದ ಮೇಲೆ ನಗೆಗೀಡಾಗುವ ಅಂಜಿಕೆಯಿಂದ ಸುಮ್ಮನಿರಬಾರದು.