ಹೊನ್ನಜ್ಜಿಯ ನರ

ನದಿಯ ದಂಡೆಯಲ್ಲಿ ಒಂದು ಆಶ್ರಮ. ವರದಾ ನದಿ ಅಂತ ಕೇಳಿದ್ದೇನೆ. ಅಲ್ಲ, ಕುಮುದ್ವತಿ ಎಂದು ಯಾರಾದರೂ ಜಗಳಕ್ಕೆ ಬಂದರೆ ಒಪ್ಪಿಬಿಡುತ್ತೇನೆ.

ಅಲ್ಲಿನ ಗುರುಸಿದ್ಧ ಸ್ವಾಮಿಗಳು ಕಾವಿ ಉಡುವ ಮೊದಲು ಡಾಕ್ಟರಾಗಿದ್ದವರು. ಸಂಸಾರ ಬಿಟ್ಟರೂ ಸ್ಕ್ಯಾನಿಂಗ್ ಯಂತ್ರ ಬಿಟ್ಟಿರಲಿಲ್ಲ. ಅದನ್ನು ಕಲಿಯಲೆಂದು ಬಂದ ಶಿಷ್ಯ ಉಮಾಪತಿ, ಎಳೆಯ ಡಾಕ್ಟರು.

ಅವನ ಹೆಂಡತಿ ಸರ್ವಮಂಗಳಾ ಮುನಿಸಿಕೊಂಡು ತವರಿಗೆ ಹೋಗಿ ಒಂದು ಮಳೆಗಾಲ ಕಳೆದಿತ್ತು.

ಬೆಳಿಗ್ಗೆ ಎದ್ದವನೇ ಫೋನ್ ಮಾಡುತ್ತಿದ್ದ. "ಯಾವಾಗ ಬರ್ತೀಯ?" ಮಧ್ಯಾಹ್ನವೂ ಅದೇ, ಸಂಜೆಯೂ ಅದೇ.

ಮೊದಮೊದಲು ಅವಳು "ನೋಡೋಣ" ಅನ್ನುತ್ತಿದ್ದಳು. ಆಮೇಲೆ ಬರೀ "ಹ್ಞೂಂ". ಈಗೀಗ ಎತ್ತಿ ಸುಮ್ಮನಿರುತ್ತಿದ್ದಳು. ಆಚೆಯಿಂದ ಕುಕ್ಕರ್ ಕೂಗುವುದು ಕೇಳುತ್ತಿತ್ತು. ಉಮಾಪತಿ ಅದನ್ನೇ ಕೇಳಿಕೊಂಡು ನಿಂತಿರುತ್ತಿದ್ದ.

ಒಂದು ದಿನ ಊರಿನವರು ಹೊನ್ನಜ್ಜಿ ಎಂಬ ಮುದುಕಿಯನ್ನು ಹೊತ್ತು ತಂದರು. ವಾಂತಿ ಭೇದಿಯಿಂದ ಬಸವಳಿದ ಜೀವ. ಡ್ರಿಪ್ ಹಾಕಬೇಕು, ಕೈಯಲ್ಲಿ ನರ ಸಿಗುತ್ತಿಲ್ಲ.

"ಸ್ಕ್ಯಾನ್ ಇಟ್ಟು ನೋಡು," ಅಂದರು ಗುರುಗಳು. "ಪರದೆ ಮೇಲೆ ಕಪ್ಪಗೆ, ದುಂಡಗೆ ಕಾಣ್ತದೆ."

ಹೊಟ್ಟೆಯೊಳಗಿನ ಕಲ್ಲು ಹುಡುಕಿ ಪಳಗಿದ ಕೈ ಉಮಾಪತಿಯದು. ಅಲ್ಲಿ ಒತ್ತಿ ಹಿಡಿದಷ್ಟೂ ಚೆನ್ನಾಗಿ ಕಾಣುತ್ತದೆ. ಅಜ್ಜಿಯ ತೋಳಿಗೆ ಜೆಲ್ ಬಳಿದು, ಯಂತ್ರದ ಹಿಡಿಕೆಯನ್ನು, ಅಂದರೆ ಪ್ರೋಬನ್ನು, ಇಟ್ಟು ಒತ್ತಿದ.

ಕಾಣಲಿಲ್ಲ. ಇನ್ನೂ ಒತ್ತಿದ.

"ಗುರುಗಳೇ, ಇವರಿಗೆ ನರವೇ ಇಲ್ಲ!"

"ನರ ಇಲ್ದೇನೇ ಏಳು ಹೆತ್ತೆನೇನೋ?" ಅಂದಳು ಅಜ್ಜಿ, ಕಣ್ಣು ಮುಚ್ಚಿಕೊಂಡೇ. "ಸ್ವಾಮೇರಾ, ಈ ಹುಡುಗ ನನ್ನ ತೋಳಿನ ಮೇಲೆ ರೊಟ್ಟಿ ತಟ್ತಾ ಇದಾನೆ."

ಗುರುಗಳು ಹತ್ತಿರ ಬಂದರು. ಶಿಷ್ಯನ ಕಿರುಬೆರಳನ್ನು ಹಿಡಿದು ಅಜ್ಜಿಯ ತೋಳಿಗೆ ಊರಿಸಿದರು. ಅವನ ಮಣಿಕಟ್ಟನ್ನು ಎಳ್ಳಿನಷ್ಟು ಮೇಲೆತ್ತಿದರು.

ಪರದೆಯ ಮೇಲೆ ಒಂದು ಕಪ್ಪು ಗೆರೆ ಮೂಡಿತು. ಗೆರೆ ಅಗಲವಾಯಿತು. ದುಂಡಗಾಯಿತು.

"ಇಷ್ಟು ಹೊತ್ತು ಎಲ್ಲಿತ್ತು ಇದು?"

"ಅಲ್ಲೇ."

"ಮತ್ತೆ ಕಾಣಲಿಲ್ಲವಲ್ಲ?"

"ನೀನು ಒತ್ತಿದೆ. ಮುಚ್ಚಿಕೊಂಡಿತು."

"ಹುಡುಕುತ್ತಿದ್ದೆ ಗುರುಗಳೇ."

"ಅದನ್ನೇ ನಾನೂ ಹೇಳಿದ್ದು."

ಉಮಾಪತಿ ಉಸಿರು ಬಿಗಿಹಿಡಿದು ಸೂಜಿ ಇಳಿಸಿದ. ಕಪ್ಪು ವೃತ್ತದ ನಡುವೆ ಬಿಳಿಯ ಚುಕ್ಕೆಯೊಂದು ಮಿನುಗಿತು. ಸೂಜಿಯ ತುದಿ. ಡ್ರಿಪ್ ತೊಟ್ಟಿಕ್ಕತೊಡಗಿತು.

ಸಂಜೆಯ ಹೊತ್ತಿಗೆ ಅಜ್ಜಿ ಎದ್ದು ಕೂತು, ಆಶ್ರಮದ ಕಾಫಿ ನೀರು ನೀರು ಎಂದು ಬೈಯತೊಡಗಿದಳು.

ಗುರುಗಳು ನದಿಯ ಮೆಟ್ಟಿಲ ಮೇಲೆ ಕೂತಿದ್ದರು. ಉಮಾಪತಿ ಬಂದು ಒಂದು ಮೆಟ್ಟಿಲು ಕೆಳಗೆ ಕೂತ. ಕೈಯಲ್ಲಿ ಫೋನಿತ್ತು.

"ಗುರುಗಳೇ, ಇವತ್ತು ಅವಳಿಗೆ ಫೋನ್ ಮಾಡಲೋ, ಬೇಡವೋ?"

"ಮಾಡದೆ ಇರಬಲ್ಲೆಯಾ?"

"ಇಲ್ಲ."

"ಹಾಗಾದರೆ ಮಾಡು."

"ಏನಂತ ಹೇಳಲಿ? 'ಬಾ' ಅನ್ನೋದು ಬಿಟ್ಟರೆ ನನಗೆ ಬೇರೆ ಮಾತೇ ಬರೋದಿಲ್ಲ."

ಗುರುಗಳು ನೀರಿನ ಕಡೆ ನೋಡಿದರು.

"ಊಟ ಆಯ್ತಾ ಅಂತ ಕೇಳು, ಮರಿ."